ಕತ್ತೆಯ ಗಾಯ ತೊಳೆಯಲು ವಿದೇಶಕ್ಕೆ: ಹೊರಡುವ ಮೊದಲು ಏನೇನು ಮಾಡಬೇಕು?

ಈಜಿಪ್ಟಿನ ಲಕ್ಸರಿಗೆ ಸ್ವಯಂಸೇವೆಗೆ ಹೋಗಿದ್ದಾಗ ನೋಡಿದ ಒಂದು ಕತ್ತೆಯ ಬಾಲದ ಬುಡದಲ್ಲಿ ನೈಲಾನ್ ಹಗ್ಗ ಕೊರೆದು ಗಾಯವಾಗಿತ್ತು. ಸುತ್ತ ನೊಣ. ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟಾಗಲೂ ಅದು ಒದೆಯಲಿಲ್ಲ, ಕಿವಿ ಮಾತ್ರ ಹಿಂದಕ್ಕೆ ಹೋಯಿತು. ಯಜಮಾನ ಪಕ್ಕದಲ್ಲೇ ಲಗಾಮು ಹಿಡಿದು ನಿಂತಿದ್ದ. ಕಬ್ಬು ಹೇರುವ ಗಾಡಿಯವನು. ಅವನ ಅಂಗೈ ನೋಡಿದೆ. ಅದೇ ಹಗ್ಗ ಅಲ್ಲೂ ಗೆರೆ ಎಳೆದಿತ್ತು.

ಊರಿಗೆ ಬಂದ ಮೇಲೆ ಉಡುಪಿಯಲ್ಲಿ ಎಷ್ಟೋ ಮಂದಿ ಕೇಳಿದರು, ‘ನಾವೂ ಹೋಗಬಹುದಾ? ಡಾಕ್ಟರ್ ಆಗಿರಬೇಕಾ?’ ಹೋಗಬಹುದು. ಡಾಕ್ಟರ್ ಆಗಿರಬೇಕಾಗಿಲ್ಲ. ಆದರೆ ತಯಾರಿ ಇಲ್ಲದೆ ಹೋದರೆ ಅಲ್ಲಿಯವರಿಗೆ ನೀವೇ ಒಂದು ಕೆಲಸ ಆಗುತ್ತೀರಿ.

ಮೊದಲು ಇದು ಯಾರ ಸೇವೆ ಅಂತ ತಿಳಿಯಿರಿ

1930ರಲ್ಲಿ ಕೈರೋಗೆ ಬಂದ ಡೊರೊತಿ ಬ್ರೂಕ್ ಎಂಬ ಬ್ರಿಟಿಷ್ ಮಹಿಳೆ, ಮೊದಲ ಮಹಾಯುದ್ಧದಲ್ಲಿ ದುಡಿದ ಕುದುರೆಗಳು ಅಲ್ಲಿಯ ಬೀದಿಯಲ್ಲಿ ಎಲುಬು ಕಾಣುವಂತೆ ಗಾಡಿ ಎಳೆಯುವುದನ್ನು ನೋಡಿದರು. ಹಣ ಕೂಡಿಸಿ ಅಂಥ ಐದು ಸಾವಿರ ಕುದುರೆಗಳನ್ನು ಕೊಂಡರು. ಹೆಚ್ಚಿನವು ಮುದಿಯಾಗಿದ್ದವು, ನೋವಿಲ್ಲದ ಸಾವು ಕೊಡುವುದಷ್ಟೇ ಸಾಧ್ಯವಿತ್ತು. ಆಮೇಲೆ 1934ರಲ್ಲಿ ಆಸ್ಪತ್ರೆ ತೆರೆದರು. ಊರಿನ ಬಡ ಗಾಡಿಯವರ ಕುದುರೆ, ಕತ್ತೆಗಳಿಗೆ ಅಲ್ಲಿ ಉಚಿತ ಚಿಕಿತ್ಸೆ. ಅದಕ್ಕೂ ಮೊದಲೇ, 1923ರಲ್ಲಿ, ಕೇಟ್ ಹೊಸಾಲಿ ಮತ್ತು ಮಗಳು ನೀನಾ ಉತ್ತರ ಆಫ್ರಿಕಾದಲ್ಲಿ ಇಂಥದೇ ಕೆಲಸ ಶುರು ಮಾಡಿದ್ದರು. ಕೇಟ್ ಅವರನ್ನು ಅಲ್ಲಿಯ ಜನ ‘ತೂಬೀಬಾ’ ಅಂದರು, ಅಂದರೆ ಡಾಕ್ಟರಮ್ಮ. ಇವರು ಕಟ್ಟಿದ ಬ್ರೂಕ್ ಮತ್ತು ಸ್ಪಾನಾ ಸಂಸ್ಥೆಗಳು ಇವತ್ತಿಗೂ ಇವೆ.

ಗಾಡಿಯವನನ್ನು ಬೈದು ಪ್ರಾಣಿಯನ್ನು ಉಳಿಸಲಾಗುವುದಿಲ್ಲ. ಆ ಕತ್ತೆ ಒಂದು ದಿನ ದುಡಿಯದಿದ್ದರೆ ಅವನ ಮನೆಯಲ್ಲಿ ಒಲೆ ಉರಿಯುವುದು ಕಷ್ಟ. ಗಾಯಕ್ಕೆ ಮುಲಾಮು ಹಚ್ಚಿ, ಅದೇ ಹಗ್ಗ ಕಟ್ಟಿ ಕಳಿಸಿದರೆ ನಾಡಿದ್ದು ಅದೇ ಗಾಯ. ಹಗ್ಗ ಬದಲಾಗಬೇಕು. ಅದನ್ನು ಬದಲಿಸುವವನು ಅವನೇ ಅಲ್ವಾ?

ಊರಲ್ಲೇ ಮೂರು ತಿಂಗಳು

ಇದನ್ನು ಬಿಡಲೇಬೇಡಿ. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ. ಅಲ್ಲಿ ನಾಯಿ, ಬೆಕ್ಕುಗಳೇ ಜಾಸ್ತಿ. ಆದರೂ ಹುಳ ಬಿದ್ದ ಗಾಯದ ವಾಸನೆ, ಗೂಡು ತೊಳೆಯುವುದು, ನರಳುವ ಪ್ರಾಣಿಯ ಪಕ್ಕ ಸುಮ್ನೆ ಕೂರುವುದು, ಇವೆಲ್ಲ ಇಂಥ ಕಡೆಯೇ ಅಭ್ಯಾಸವಾಗಬೇಕು. ನಿಮ್ಮ ತಾಲೂಕಿನ ಪಶು ಆಸ್ಪತ್ರೆಯ ವೈದ್ಯರನ್ನೂ ಕೇಳಿ ನೋಡಿ. ದನಕ್ಕೆ ಮೂಗುದಾರ ಹಿಡಿಯಲು ಒಬ್ಬರು ಬೇಕೇ ಬೇಕು.

ಹಿಂದಿನಿಂದ ಹೋಗಬೇಡಿ, ಭುಜದ ಕಡೆಯಿಂದ, ಮಾತಾಡುತ್ತಾ ಹತ್ತಿರ ಹೋಗಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಎರಡು ಟೀ ಚಮಚ ಉಪ್ಪು, ಗಾಯ ತೊಳೆಯಲು ಇದೇ ಸಾಕು. ಕತ್ತೆಗಳ ಬಗ್ಗೆ ಇನ್ನೊಂದು ಮಾತು. ಅವು ನೋವನ್ನು ತೋರಿಸುವುದಿಲ್ಲ. ಮೇವು ಬಿಟ್ಟು ಸಪ್ಪಗೆ ನಿಂತಿದೆ ಅಂದರೆ ತಡಮಾಡದೆ ವೈದ್ಯರಿಗೆ ಹೇಳಿ. ಮೇವು ಬಿಟ್ಟ ಕತ್ತೆಯ ರಕ್ತದಲ್ಲಿ ಕೊಬ್ಬು ಏರಿ ಕೆಲವೇ ದಿನಗಳಲ್ಲಿ ಜೀವ ಹೋಗಬಹುದು. ಜೊತೆಗಾರ ಕತ್ತೆಯಿಂದ ದೂರ ಮಾಡಿದರೂ ಮೇವು ಬಿಡುತ್ತದೆ. ಹಾಗಾಗಿ ಒಂದನ್ನು ಒಳಗೆ ಸೇರಿಸಿಕೊಂಡರೆ, ಅದರ ಜೊತೆಯದನ್ನೂ ಪಕ್ಕದಲ್ಲೇ ಕಟ್ಟುತ್ತಾರೆ.

ಸಂಸ್ಥೆಗೆ ಕೇಳಬೇಕಾದ ಪ್ರಶ್ನೆಗಳು

ದೊಡ್ಡ ಸಂಸ್ಥೆಗಳು ಹೆಚ್ಚಾಗಿ ಆಯಾ ದೇಶದ ವೈದ್ಯರನ್ನೇ ಇಟ್ಟುಕೊಂಡು ಕೆಲಸ ಮಾಡುತ್ತವೆ. ಅದು ಸರಿಯೂ ಹೌದು. ಹೊರಗಿನ ಸ್ವಯಂಸೇವಕರಿಗೆ ಜಾಗ ಸಿಗುವುದು ಸಣ್ಣ ಆಸ್ಪತ್ರೆ, ಆಶ್ರಯಧಾಮಗಳಲ್ಲಿ. ಇಮೇಲ್‌ನಲ್ಲಿ ನೇರವಾಗಿ ಕೇಳಿ: ವರ್ಷಪೂರ್ತಿ ವೈದ್ಯರು ಇದ್ದಾರಾ? ಗಾಡಿಯವರಿಂದ ಹಣ ತೆಗೆದುಕೊಳ್ಳುತ್ತೀರಾ? ನಾನು ಕೊಡುವ ಹಣದಲ್ಲಿ ಊಟ, ವಸತಿಗೆಷ್ಟು, ಪ್ರಾಣಿಗಳಿಗೆಷ್ಟು? ವೈದ್ಯರಲ್ಲದವರ ಕೈಗೂ ಸೂಜಿ ಕೊಡುತ್ತೇವೆ ಎನ್ನುವ ಕಡೆ ಹೋಗಬೇಡಿ. ‘ನಿಮಗೆ ಮರೆಯಲಾಗದ ಅನುಭವ’ ಎಂದು ಮಾತ್ರ ಹೇಳಿ, ಕುದುರೆಯ ಬಗ್ಗೆ ಒಂದು ಸಾಲೂ ಬರೆಯದ ಕಡೆಗೂ ಬೇಡ.

ಮೊದಲ ಸಲಕ್ಕೆ ನೇಪಾಳ ಸುಲಭ. ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. 15ರಿಂದ 65 ವರ್ಷದೊಳಗಿನವರಿಗೆ ಆಧಾರ್ ನಡೆಯುವುದಿಲ್ಲ, ನೆನಪಿರಲಿ. ಕಾಠ್ಮಂಡು ಕಣಿವೆಯ ಇಟ್ಟಿಗೆ ಭಟ್ಟಿಗಳಲ್ಲಿ ಕತ್ತೆ, ಹೇಸರಗತ್ತೆಗಳು ಇಟ್ಟಿಗೆ ಹೊರುತ್ತವೆ. ಮಳೆಗಾಲದಲ್ಲಿ ಭಟ್ಟಿ ಮುಚ್ಚಿರುತ್ತದೆ, ಚಳಿಗಾಲ ನೋಡಿ ಹೋಗಿ.

ಕಾಗದಪತ್ರ, ಲಸಿಕೆ

ಪಾಸ್‌ಪೋರ್ಟಿಗೆ ಆರು ತಿಂಗಳಾದರೂ ಅವಧಿ ಉಳಿದಿರಲಿ. ಕೆಲವು ಸಂಸ್ಥೆಗಳು ಪೊಲೀಸ್ ಕ್ಲಿಯರೆನ್ಸ್ ಕೇಳುತ್ತವೆ, ಅದಕ್ಕೂ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲೇ ಅರ್ಜಿ. ಸಂಬಳವಿಲ್ಲದ ಕೆಲಸಕ್ಕೂ ಕೆಲವು ದೇಶಗಳಲ್ಲಿ ಪ್ರವಾಸಿ ವೀಸಾ ಸಾಲುವುದಿಲ್ಲ. ಯಾವ ವೀಸಾ ಅಂತ ಸಂಸ್ಥೆಯಿಂದ ಬರಹದಲ್ಲೇ ಉತ್ತರ ಪಡೆಯಿರಿ.

ಹುಚ್ಚುನಾಯಿ ರೋಗದ ಲಸಿಕೆ ಮೊದಲೇ ಹಾಕಿಸಿ. 0, 7 ಮತ್ತು 21 ಅಥವಾ 28ನೇ ದಿನ, ಒಟ್ಟು ಮೂರು. ಕತ್ತೆ, ಕುದುರೆಗೂ ರೇಬಿಸ್ ಬರುತ್ತದೆ. ಮೊದಲೇ ಹಾಕಿಸಿಕೊಂಡಿದ್ದರೂ ಪ್ರಾಣಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ 15 ನಿಮಿಷ ತೊಳೆದು, ಮತ್ತೆ ಎರಡು ಚುಚ್ಚುಮದ್ದು ತೆಗೆದುಕೊಳ್ಳಲೇಬೇಕು. ಧನುರ್ವಾಯುವಿನದ್ದೂ ಇರಲಿ, ಕುದುರೆ ಲಾಯದ ಮಣ್ಣು, ಸೆಗಣಿಯಲ್ಲಿ ಅದರ ರೋಗಾಣು ಇರುತ್ತದೆ. ಕೀನ್ಯಾ, ಇಥಿಯೋಪಿಯಾ ಕಡೆಗಾದರೆ ಹಳದಿ ಜ್ವರದ ಲಸಿಕೆ ಹತ್ತು ದಿನ ಮೊದಲೇ ಆಗಬೇಕು. ಪ್ರಮಾಣಪತ್ರ ಇಲ್ಲದಿದ್ದರೆ ವಾಪಸು ಬರುವಾಗ ವಿಮಾನ ನಿಲ್ದಾಣದಲ್ಲಿ ತಡೆದು ಪ್ರತ್ಯೇಕವಾಗಿ ಇಡಬಹುದು.

ಬ್ಯಾಗಿಗೆ ಏನು?

ಮುಚ್ಚಿದ ಬೂಟು, ಉದ್ದ ಕೈಯ ಹತ್ತಿ ಅಂಗಿ, ಟೋಪಿ. ಜೊತೆಗೆ ಹಳೆ ಲುಂಗಿಗಳು! ನಾನು ಅಪ್ಪನ ಎರಡು ಹಳೆ ಲುಂಗಿ ಒಯ್ದಿದ್ದೆ, ಹಾಸಲಿಕ್ಕೆ ಅಂತ. ಮೂರನೇ ದಿನಕ್ಕೇ ಅವಕ್ಕೆ ಕತ್ತರಿ ಬಿತ್ತು. ನಾಲ್ಕು ಬೆರಳಗಲ ಸೀಳಿ, ಮೂರು ಪದರ ಮಡಚಿ, ಕೊಳವೆಯಂತೆ ಹೊಲಿದು, ಅದರೊಳಗೆ ಹಗ್ಗ ತೂರಿಸಿದೆವು. ಬಾಲದ ಕೆಳಗೆ ಬರುವ ಭಾಗ ಮೆತ್ತಗಾಯಿತು. ಆ ಕಬ್ಬಿನ ಗಾಡಿಯವನು ಅದನ್ನು ಎರಡು ಸಲ ಎಳೆದು ನೋಡಿದ. ಮಾರನೇ ದಿನ ಅಣ್ಣನನ್ನೂ, ಅವನ ಕತ್ತೆಯನ್ನೂ ಕರೆದುಕೊಂಡು ಬಂದ.

ಈಜಿಪ್ಟ್, ಮೊರಾಕ್ಕೊ ಕಡೆ ಹೋಗುವುದಾದರೆ ಹತ್ತು ಮಾತು ಅರೇಬಿಕ್ ಕಲಿಯಿರಿ. ಗಲ್ಫಿನಲ್ಲಿ ದುಡಿದು ಬಂದ ಮಾವನೋ ಚಿಕ್ಕಪ್ಪನೋ ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ನನಗೆ ಜಾಸ್ತಿ ಬೇಕಾದದ್ದು ಎರಡೇ ಮಾತು. ‘ಮಯ್ಯ’ ಅಂದರೆ ನೀರು, ‘ಶ್ವಯ್ಯ ಶ್ವಯ್ಯ’ ಅಂದರೆ ನಿಧಾನ ನಿಧಾನ. ಬಿಸಿಲಲ್ಲಿ ದುಡಿಯುವ ಕುದುರೆಗೆ ದಿನಕ್ಕೆ 40 ಲೀಟರಿಗಿಂತ ಜಾಸ್ತಿ ನೀರು ಬೇಕಾಗಬಹುದು. ದಿನವಿಡೀ ಬಕೆಟ್ ಹೊರುವುದೇ ಅಲ್ಲಿ ನಿಮ್ಮ ಕೆಲಸವಾದರೆ ಬೇಸರ ಬೇಡ, ನನ್ನ ಮೊದಲ ವಾರ ಅದರಲ್ಲೇ ಹೋಯಿತು. ಯಜಮಾನನನ್ನು ಕೇಳದೆ ಪ್ರಾಣಿಯ ಫೋಟೊ ತೆಗೆಯಬೇಡಿ. ಅವನು ನಾಚಿಕೆಯಿಂದ ಮತ್ತೆ ಬರದಿದ್ದರೆ ನಷ್ಟ ಕತ್ತೆಗೆ.

ವಾಪಸು ಬರುವಾಗ

ಮನೆಯಲ್ಲಿ ದನದ ಹಟ್ಟಿ ಇದ್ದರೆ ಜಾಗ್ರತೆ. ಕಾಲುಬಾಯಿ ರೋಗದಂಥವು ಬೂಟಿಗೆ ಅಂಟಿದ ಮಣ್ಣಿನಲ್ಲೂ ಬರಬಹುದು. ಬಟ್ಟೆಯೆಲ್ಲ ಬಿಸಿನೀರಿನಲ್ಲಿ ಒಗೆದು, ಕೆಲವು ದಿನ ಹಟ್ಟಿಯ ಕಡೆ ಹೋಗದಿರುವುದು ಒಳ್ಳೆಯದು. ನಾನು ಬೂಟುಗಳನ್ನು ತರಲೇ ಇಲ್ಲ. ತೊಳೆದು, ನಾನು ಹೊರಟ ದಿನ ಬಂದಿಳಿದ ಹೊಸ ಹುಡುಗಿಗೆ ಕೊಟ್ಟೆ. ಉಳಿದಿದ್ದ ಅರ್ಧ ಲುಂಗಿಯನ್ನೂ.