ರಿಪೋರ್ಟಿನಲ್ಲಿ ‘ಅಲ್ಬುಮಿನ್ 1+’: ಮುಂದೇನು ಮಾಡಬೇಕು?

ಮೂತ್ರದಲ್ಲಿ ಪ್ರೋಟೀನ್ ಇದೆ ಎಂದು ಗೊತ್ತಾದ ದಿನವೇ ಬೇಳೆ, ಮೊಟ್ಟೆ ಬಿಟ್ಟುಬಿಡುವವರಿದ್ದಾರೆ. ತಿಂದ ಬೇಳೆ ನೇರವಾಗಿ ಮೂತ್ರಕ್ಕೆ ಇಳಿಯುವುದಿಲ್ಲ. ಅಲ್ಲಿ ಸಿಗುವುದು ಬಹುಮಟ್ಟಿಗೆ ರಕ್ತದ ಅಲ್ಬುಮಿನ್, ಕಿಡ್ನಿಯ ಸೋಸುವ ಪೊರೆ ತಡೆದು ನಿಲ್ಲಿಸಬೇಕಾಗಿದ್ದದ್ದು. ಪಥ್ಯದ ಮಾತು ಆಮೇಲೆ. ಸೋರಿಕೆ ನಿಜವೇ, ಎಷ್ಟು ಎಂಬುದು ಮೊದಲು ತಿಳಿಯಬೇಕು.

‘1+’ ಎನ್ನುವುದು ಡಿಪ್‌ಸ್ಟಿಕ್ಕಿನ, ಅಂದರೆ ಮೂತ್ರದಲ್ಲಿ ಅದ್ದುವ ಪಟ್ಟಿಯ, ಬಣ್ಣ ನೋಡಿ ಹೇಳುವ ಅಂದಾಜು. ಪಟ್ಟಿಯ ಹಳದಿ ಚೌಕ ಹಸಿರಿಗೆ ತಿರುಗಿದಷ್ಟೂ ಪ್ರೋಟೀನ್ ಹೆಚ್ಚು: 1+ ಎಂದರೆ ಡೆಸಿಲೀಟರಿಗೆ ಸುಮಾರು 30 ಮಿ.ಗ್ರಾಂ, 2+ ಎಂದರೆ 100, 3+ ಎಂದರೆ 300. ನೀರು ಕಡಿಮೆ ಕುಡಿದು ಮೂತ್ರ ಗಟ್ಟಿಯಾಗಿದ್ದರೆ ಇಲ್ಲದ ‘+’ ಕಾಣಬಹುದು, ಹೆಚ್ಚು ಕುಡಿದು ತೆಳುವಾಗಿದ್ದರೆ ಇರುವುದೂ ಅಡಗಬಹುದು.

ಅದಕ್ಕೇ ಎಸಿಆರ್ ಬೇಕು, ಅಂದರೆ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಕ್ರಿಯಾಟಿನಿನ್ ಎಂದರೆ ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೋಗುವ ತ್ಯಾಜ್ಯ; ಮೂತ್ರ ಗಟ್ಟಿಯಾದಾಗ ಅದೂ ಗಟ್ಟಿ, ತೆಳುವಾದಾಗ ಅದೂ ತೆಳು, ಹಾಗಾಗಿ ಅದಕ್ಕೆ ಹೋಲಿಸಿದರೆ ನೀರಿನ ಏರುಪೇರು ಕಳೆಯುತ್ತದೆ. ಅಲ್ಬುಮಿನ್ ಲೀಟರಿಗೆ 60 ಮಿ.ಗ್ರಾಂ ಇದೆ ಎನ್ನಿ. ಇಷ್ಟಕ್ಕೆ ಸಾಮಾನ್ಯ ಡಿಪ್‌ಸ್ಟಿಕ್ ‘ನೆಗೆಟಿವ್’ ಎನ್ನುತ್ತದೆ. ಮೂತ್ರದ ಕ್ರಿಯಾಟಿನಿನ್ ಲೀಟರಿಗೆ 2.5 ಗ್ರಾಂ ಇದ್ದರೆ ಎಸಿಆರ್ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 24 ಮಿ.ಗ್ರಾಂ, ಚಿಂತೆಯಿಲ್ಲ. 0.5 ಗ್ರಾಂ ಇದ್ದರೆ ಅಷ್ಟೇ ಅಲ್ಬುಮಿನ್‌ಗೆ ಎಸಿಆರ್ 120 ಆಗುತ್ತದೆ. ಲೆಕ್ಕ ನೀವೇ ಹಾಕುವುದಾದರೆ ಒಂದು ಎಚ್ಚರ: ಕ್ರಿಯಾಟಿನಿನ್ ಸಾಮಾನ್ಯವಾಗಿ ಡೆಸಿಲೀಟರಿನಲ್ಲಿ ಬರೆದಿರುತ್ತಾರೆ. 50 ಮಿ.ಗ್ರಾಂ/ಡೆ.ಲೀ. ಎಂದರೆ ಲೀಟರಿಗೆ 0.5 ಗ್ರಾಂ.

ಮಾದರಿಗೆ ಬೆಳಿಗ್ಗೆ ಎದ್ದ ತಕ್ಷಣದ ಮೂತ್ರವೇ ಒಳ್ಳೆಯದು. ಮೊದಲ ಧಾರೆ ಬಿಟ್ಟು, ನಡುವಿನದನ್ನು ಲ್ಯಾಬ್ ಕೊಟ್ಟ ಡಬ್ಬಿಯಲ್ಲಿ ಹಿಡಿಯಿರಿ. ಮನೆಯ ಉಪ್ಪಿನಕಾಯಿ ಬಾಟಲಿ ಬೇಡ. ಒಂದೆರಡು ಗಂಟೆಯೊಳಗೆ ತಲುಪಿಸಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಜ್ವರ, ಉರಿಮೂತ್ರ, ಮುಟ್ಟಿನ ದಿನಗಳು, ಹಿಂದಿನ ದಿನದ ಜೋರು ವ್ಯಾಯಾಮ, ಇವೆಲ್ಲ ಅಂಕಿಯನ್ನು ಏರಿಸುತ್ತವೆ. ಹದಿಹರೆಯದವರಲ್ಲಿ ನಿಂತು ಓಡಾಡುವಾಗ ಮಾತ್ರ ಪ್ರೋಟೀನ್ ಸೋರುವುದೂ ಉಂಟು, ಅದು ಬೆಳಗಿನ ಮೊದಲ ಮಾದರಿಯಲ್ಲಿ ಕಾಣುವುದಿಲ್ಲ. 24 ಗಂಟೆಯ ಸಂಗ್ರಹ ಹೇಳಿದ್ದರೆ ಮೊದಲ ಬೆಳಗಿನದನ್ನು ಚೆಲ್ಲಿ, ಮರುದಿನ ಅದೇ ಹೊತ್ತಿನದನ್ನು ಸೇರಿಸಿ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ.

ಎಸಿಆರ್ ಗ್ರಾಮಿಗೆ 30 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಸರಿ. 30ರಿಂದ 300 ಮಧ್ಯಮ ಏರಿಕೆ, 300 ದಾಟಿದರೆ ತೀವ್ರ. ಒಂದೇ ಸಲದ್ದನ್ನು ನಂಬಬೇಡಿ. ಮೂರರಿಂದ ಆರು ತಿಂಗಳ ಅವಧಿಯ ಮೂರು ಮಾದರಿಗಳಲ್ಲಿ ಎರಡಾದರೂ ಹೆಚ್ಚಿರಬೇಕು. ಜೊತೆಗೆ ರಕ್ತದ ಕ್ರಿಯಾಟಿನಿನ್‌ನಿಂದ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು, ಲೆಕ್ಕ ಹಾಕಿಸಿ. ಇಜಿಎಫ್‌ಆರ್ ಚೆನ್ನಾಗಿದ್ದೂ ಎಸಿಆರ್ ಏರಿರಬಹುದು, ಸಕ್ಕರೆ ಕಾಯಿಲೆಯಲ್ಲಿ ಅನೇಕರಿಗೆ ಮೊದಲ ಸುಳಿವು ಅದೇ. ಟೈಪ್ 2 ಇದ್ದವರು ಕಾಯಿಲೆ ಪತ್ತೆಯಾದಾಗಿನಿಂದಲೇ ವರ್ಷಕ್ಕೊಮ್ಮೆ ಮಾಡಿಸಬೇಕು.

ಕಾಲು ಮುಖ ಊದಿಕೊಂಡರೆ, ಮೂತ್ರ ಕೆಂಪಾದರೆ, ಗರ್ಭಿಣಿಯರಲ್ಲಿ ಪ್ರೋಟೀನ್ ಜೊತೆ ಬಿಪಿ ಏರಿದರೆ ಮರುಪರೀಕ್ಷೆಗೆ ಕಾಯದೆ ಅಂದೇ ವೈದ್ಯರ ಬಳಿ ಹೋಗಿ.

ಸೋರಿಕೆ ಖಚಿತವಾದರೆ ವೈದ್ಯರು ‘ಪ್ರಿಲ್’ ಅಥವಾ ‘ಸಾರ್ಟನ್’ ಎಂದು ಹೆಸರು ಮುಗಿಯುವ ಬಿಪಿ ಮಾತ್ರೆ ಬರೆಯಬಹುದು, ಬಿಪಿ ಹೆಚ್ಚಿಲ್ಲದ ಕೆಲವರಿಗೂ ಸಹ. ಶುರುಮಾಡಿದ 2–4 ವಾರಗಳಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ, ಹಪ್ಪಳ ಉಪ್ಪಿನಕಾಯಿ ಸೇರಿಸಿಯೇ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತಾವಾಗಿ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ನಿಲ್ಲಿಸಿ.