ಒಳಚಕ್ರಕ್ಕೂ ಗೇಜ್ ಹಿಡಿಯಬೇಕು: ಕಂಪನಿ ಲಾರಿ ಜೊತೆ ನನ್ನ ಮೊದಲ ವರ್ಷ

ಕೀ ಕೈಗೆ ಬಂದ ದಿನ ನನಗೆ ಇದ್ದದ್ದು ಒಂದೇ ಆತುರ, ಗಾಡಿ ಗೇಟಿನಿಂದ ಹೊರಗೆ ತೆಗೆಯುವುದು. ಸೂಪರ್‌ವೈಸರ್ ಒಂದು ಹಾಳೆ ಮುಂದಿಟ್ಟು, 'ಗಾಡಿ ಪೂರ್ತಿ ನೋಡ್ಕೊಂಡು ಸಹಿ ಹಾಕಪ್ಪ' ಅಂದರು. ಹತ್ತು ಚಕ್ರದ ಲಾರಿ, ಬಣ್ಣ ಚೆನ್ನಾಗಿತ್ತು, ಗಾಜು ಹೊಳೆಯುತ್ತಿತ್ತು. ದೂರದಿಂದಲೇ ನೋಡಿ ಸಹಿ ಹಾಕಿದೆ. ನಾಲ್ಕನೇ ದಿನ ಡೀಸೆಲ್ ಟ್ಯಾಂಕಿನ ತಳದಲ್ಲಿದ್ದ ನೆಗ್ಗು ಯಾರದು ಅಂತ ವಿಚಾರಣೆ ಬಂತು. ನೆಗ್ಗು ನನ್ನದಲ್ಲ, ಅದರೊಳಗೆ ಮಣ್ಣು ಕೂತು ಗಟ್ಟಿಯಾಗಿತ್ತು. ಆದರೆ ಹಾಳೆಯಲ್ಲಿ 'ಎಲ್ಲ ಸರಿಯಿದೆ' ಅನ್ನುವುದರ ಕೆಳಗೆ ಇದ್ದದ್ದು ನನ್ನ ಸಹಿ. ಬಾಯಿಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ.

ಈಗ ಯಾವ ಗಾಡಿ ಕೊಟ್ಟರೂ ಸಹಿಗೆ ಮುಂಚೆ ನಲವತ್ತು ನಿಮಿಷ ಕೇಳಿ ಪಡೆಯುತ್ತೇನೆ. ಯಾರೂ ಬೇಡ ಅಂದಿಲ್ಲ. ನಾಲ್ಕು ಮೂಲೆ, ಬಂಪರ್, ಕನ್ನಡಿ, ಟ್ಯಾಂಕಿನ ತಳ, ಬಾಡಿಯ ಹಿಂಬಾಗಿಲು, ಎಲ್ಲದರ ಫೋಟೊ. ಮೀಟರಿನ ಕಿಲೋಮೀಟರ್ ಫೋಟೊ. ಪ್ರತಿ ಟೈರಿನ ನಂಬರು, ಬ್ಯಾಟರಿ ನಂಬರು, ಸ್ಟೆಪ್ನಿ, ಜಾಕಿ, ವೀಲ್ ಸ್ಪ್ಯಾನರ್ ಇದೆಯೋ ಇಲ್ಲವೋ ಅಂತ ಬರಹ. ಆಮೇಲೆ ಕೀ ಒಂದು ಹಂತ ತಿರುಗಿಸಿ ಡ್ಯಾಶ್‌ಬೋರ್ಡ್ ನೋಡುತ್ತೇನೆ. ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆ ಹೊತ್ತಬೇಕು, ಇಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತದೇ ಇರುವ ದೀಪ ನನಗೆ ಆರದೇ ಇರುವ ದೀಪಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಅದು ಕೆಟ್ಟಿದ್ದರೆ ಮುಂದೆ ಆಯಿಲ್ ಪ್ರೆಶರ್ ಬಿದ್ದಾಗಲೂ ಗಾಡಿ ನನಗೆ ಏನೂ ಹೇಳುವುದಿಲ್ಲ.

ಬೆಳಗಿನ ಸುತ್ತು ಶುರುವಾಗುವುದು ನೆಲದಿಂದ. ಗಾಡಿ ಮುಟ್ಟುವ ಮೊದಲು ಬಗ್ಗಿ ಅದರ ಕೆಳಗೆ ನೋಡುತ್ತೇನೆ. ರಾತ್ರಿಯೆಲ್ಲ ನಿಂತ ಜಾಗದಲ್ಲಿ ಏನಾದರೂ ತೊಟ್ಟಿಕ್ಕಿದ್ದರೆ ಅಲ್ಲಿ ಗುರುತು ಇರುತ್ತದೆ. ಕಪ್ಪಗೆ ಜಿಡ್ಡಾಗಿದ್ದರೆ ಇಂಜಿನ್ ಆಯಿಲ್. ಬಣ್ಣವಿದ್ದು, ಬೆರಳಿಗೆ ಜಾರಿ, ಸಿಹಿ ವಾಸನೆ ಬಂದರೆ ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ. ಹಿಂದಿನ ಚಕ್ರದ ಒಳಬದಿಯಲ್ಲಿ ಎಣ್ಣೆ ಇಳಿದಿದ್ದರೆ ಚಕ್ರದ ನಡುಭಾಗದ, ಅಂದರೆ ಹಬ್ಬಿನ, ಸೀಲ್ ಹೋಗಿದೆ ಎಂದರ್ಥ, ಅದೇ ಎಣ್ಣೆ ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಬ್ರೇಕ್ ಲೈನರಿಗೆ ಹತ್ತಿದರೆ ಆ ಚಕ್ರ ಬ್ರೇಕ್ ಹಿಡಿಯುವುದಿಲ್ಲ. ಆಮೇಲೆ ಆಯಿಲ್ ಕಡ್ಡಿ. ಗಾಡಿ ಸಮನಾದ ನೆಲದಲ್ಲಿ ನಿಂತಿರಬೇಕು, ಇಂಜಿನ್ ಆರಿ ಎಣ್ಣೆ ಕೆಳಗೆ ಇಳಿದಿರಬೇಕು. ಕಡ್ಡಿಯಲ್ಲಿ ಹಾಲು ಬೆರೆಸಿದಂಥ ಬಣ್ಣ ಕಂಡರೆ ಎಣ್ಣೆಗೆ ನೀರು ಸೇರಿದೆ, ಅಂಥ ಗಾಡಿಯನ್ನು ಸ್ಟಾರ್ಟ್ ಮಾಡುವ ಮಾತೇ ಇಲ್ಲ. ಡೀಸೆಲ್ ಫಿಲ್ಟರಿನ ಕೆಳಗಿನ ಬಟ್ಟಲಿನಿಂದ ನೀರು ಬಿಡುವುದು ಒಂದು ನಿಮಿಷದ ಕೆಲಸ. ಸಂಜೆಯೇ ಟ್ಯಾಂಕ್ ತುಂಬಿಸಿಟ್ಟರೆ ರಾತ್ರಿ ಖಾಲಿ ಜಾಗದ ಗಾಳಿಯ ತೇವ ತಣಿದು ನೀರಾಗುವುದೂ ಕಡಿಮೆ.

ಟೈರಿನ ವಿಷಯ ಇಷ್ಟು ಬೇಗ ಮುಗಿಸಲು ಆಗದು. ನನ್ನ ದೊಡ್ಡ ತಪ್ಪು ಆಗಿದ್ದೇ ಅಲ್ಲಿ.

ಶುರುವಿನಲ್ಲಿ ನಾನೂ ಎಲ್ಲರಂತೆ ರಾಡಿನಿಂದ ಟೈರಿಗೆ ಬಡಿದು ಸದ್ದು ಕೇಳಿ ಮುಂದೆ ಹೋಗುತ್ತಿದ್ದೆ. ಪೂರ್ತಿ ಗಾಳಿ ಹೋದ ಟೈರು ಮಂದವಾಗಿ ಸದ್ದು ಮಾಡುತ್ತದೆ, ಅದು ನಿಜ. ಆದರೆ ಗಾಳಿಯ ಒತ್ತಡ 100 ಪಿಎಸ್‌ಐ (ಒತ್ತಡದ ಅಳತೆ) ಇರಬೇಕಾದ ಕಡೆ 75 ಇದ್ದರೆ ರಾಡಿಗೆ ಗೊತ್ತಾಗುವುದಿಲ್ಲ, ಕಣ್ಣಿಗೂ ಗೊತ್ತಾಗುವುದಿಲ್ಲ. ಹಿಂದೆ ಅಕ್ಕಪಕ್ಕ ಕೂರುವ ಜೋಡಿ ಟೈರಿನಲ್ಲಂತೂ ಒಳಗಿನದು ಇಳಿದಿದ್ದರೂ ಹೊರಗಿನದು ಭಾರ ಹೊತ್ತು ಎರಡನ್ನೂ ಸಮಕ್ಕೆ ನಿಲ್ಲಿಸಿಬಿಡುತ್ತದೆ. ಮೂರನೇ ತಿಂಗಳು, ಪೂರ್ತಿ ಲೋಡ್, ಬಿಸಿಲು, ಉದ್ದನೆಯ ದಾರಿ. ರಬ್ಬರ್ ಸುಟ್ಟ ವಾಸನೆ ಬಂತು. ಮುಂದೆ ಹೋಗುತ್ತಿದ್ದ ಗಾಡಿಯ ಬ್ರೇಕ್ ಇರಬೇಕು ಅಂದುಕೊಂಡೆ. ಹತ್ತು ನಿಮಿಷ ಹಾಗೇ ಓಡಿಸಿದೆ. ಆಮೇಲೆ ಸ್ಫೋಟದಂಥ ಸದ್ದು.

ಇಳಿದು ನೋಡಿದರೆ ಹಿಂದಿನ ಆಕ್ಸಲ್‌ನ ಒಳಟೈರು ಚಿಂದಿ. ಕಿತ್ತುಬಂದ ತುಂಡು ಮಡ್‌ಗಾರ್ಡ್ ಹರಿದು, ಹಿಂದಿನ ದೀಪಗಳ ವೈರಿಂಗ್ ಎಳೆದುಹಾಕಿತ್ತು. ಹೊರಟೈರು ನೋಡಲು ಚೆನ್ನಾಗಿಯೇ ಇತ್ತು. ಆದರೆ ಎರಡು ಟೈರಿನ ಭಾರ ಅದೊಂದೇ ಹೊತ್ತು ಬಂದಿತ್ತು. ಬಿಚ್ಚಿ ನೋಡಿದಾಗ ಅದರ ಗೋಡೆಯೂ ಒಳಗಿನಿಂದ ಸೀಳಿತ್ತು. ಕಾರಣ ಏನೆಂದರೆ ಒಳಚಕ್ರದ ಉದ್ದನೆಯ ವಾಲ್ವ್ ತುದಿಯಲ್ಲಿ ಸಣ್ಣ ಸೋರಿಕೆ, ಕ್ಯಾಪೂ ಇರಲಿಲ್ಲ. ಗ್ಯಾರೇಜಿನ ಹಿರಿಯ ಮೇಸ್ತ್ರಿ ಆ ರಬ್ಬರ್ ತುಂಡು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಹೇಳಿದರು: 'ಇದು ಇವತ್ತು ಸತ್ತಿದ್ದಲ್ಲ ತಮ್ಮಾ, ವಾರದಿಂದ ಸಾಯ್ತಾ ಇತ್ತು. ನೀನು ಕೇಳ್ಲಿಲ್ಲ ಅಷ್ಟೆ.' ಆ ಮಾತು ಇವತ್ತಿಗೂ ನೋಯಿಸುತ್ತದೆ. ಹಿಂದೆ ಒಂದು ಬೈಕು ಬರುತ್ತಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಿ ಆ ರಾತ್ರಿ ನಿದ್ದೆ ಮಾಡಲಿಲ್ಲ.

ಅವತ್ತಿನಿಂದ ಹತ್ತು ಟೈರಿಗೂ ಸ್ಟೆಪ್ನಿಗೂ ಗಾಳಿಯ ಒತ್ತಡ ಅಳೆಯುವ ಗೇಜ್ ಹಿಡಿಯುತ್ತೇನೆ, ಗಾಡಿ ಕದಲುವ ಮೊದಲು, ಟೈರು ತಣ್ಣಗಿರುವಾಗ. ಓಡಿದ ಮೇಲೆ ಒಳಗಿನ ಗಾಳಿ ಕಾದು ಒತ್ತಡ ಏರುವುದು ಸಹಜ. ಆಗ ಜಾಸ್ತಿ ಇದೆ ಅಂತ ಗಾಳಿ ಬಿಟ್ಟರೆ ತಣಿದಾಗ ಟೈರು ಕಡಿಮೆ ಗಾಳಿಯಲ್ಲಿ ನಿಲ್ಲುತ್ತದೆ, ಮತ್ತೆ ಓಡಿದರೆ ಇನ್ನಷ್ಟು ಕಾಯುತ್ತದೆ. ಎಷ್ಟು ಹಾಕಬೇಕು ಎಂಬುದಕ್ಕೆ ಪಕ್ಕದ ಡ್ರೈವರನ್ನು ಕೇಳುವುದಿಲ್ಲ, ಕಂಪನಿ ಕೊಟ್ಟ ಪಟ್ಟಿ ನೋಡುತ್ತೇನೆ. ಜೋಡಿ ಟೈರುಗಳ ಮಧ್ಯೆ ಕಲ್ಲು ಸಿಕ್ಕಿದೆಯೇ ಅಂತ ಟಾರ್ಚ್ ಬಿಟ್ಟು ನೋಡುತ್ತೇನೆ. ಸವೆತವನ್ನು ಅಂಗೈಯಿಂದ ಸವರಿ ನೋಡುವುದೂ ಅಭ್ಯಾಸವಾಗಿದೆ. ನಡುವೆ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ನೋಡಿಸಬೇಕು. ವೀಲ್ ನಟ್ಟಿನ ಬುಡದಿಂದ ತುಕ್ಕಿನ ಗೆರೆ ಹೊರಟಿದ್ದರೆ ಆ ನಟ್ಟು ಸಡಿಲವಾಗಿರಬಹುದು. ಚಕ್ರ ಬಿಚ್ಚಿ ಹಾಕಿದ ಮೇಲೆ ಮೊದಲ ನೂರು ಕಿಲೋಮೀಟರ್ ಸುತ್ತಮುತ್ತ ನಿಲ್ಲಿಸಿ ಮತ್ತೆ ಬಿಗಿ ನೋಡಲೇಬೇಕು. ನಿಲ್ಲಿಸಿದಲ್ಲೆಲ್ಲ ಒಂದು ಸುತ್ತು ಬಂದು, ಹಬ್ಬಿನ ಹತ್ತಿರ ಮುಂಗೈ ಹಿಡಿದು ಕಾವು ನೋಡುತ್ತೇನೆ, ಮುಟ್ಟುವುದಿಲ್ಲ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಕಾದಿದ್ದರೆ ಬ್ರೇಕ್ ಕಚ್ಚಿಕೊಂಡಿದೆ ಅಥವಾ ಬೇರಿಂಗ್ ಹೋಗುತ್ತಿದೆ.

ಗಾಳಿಯ ಒತ್ತಡದಿಂದ ಕೆಲಸ ಮಾಡುವ ಏರ್ ಬ್ರೇಕ್‌ನ ಪರೀಕ್ಷೆ ಕಲಿಸಿದ್ದು ಅದೇ ಮೇಸ್ತ್ರಿ. ಗಾಡಿ ಉರುಳದಂತೆ ಚಕ್ರಕ್ಕೆ ಅಡ್ಡಕಟ್ಟೆ ಕೊಟ್ಟು, ಗಾಳಿ ತುಂಬಿದ ಮೇಲೆ ಇಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಬಿಡಿಸಿ, ಬ್ರೇಕ್ ಪೆಡಲನ್ನು ಪೂರ್ತಿ ಒತ್ತಿ ಹಿಡಿದು ಒಂದು ನಿಮಿಷ ಗೇಜಿನ ಮುಳ್ಳು ನೋಡುವುದು. 3 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ. ರೇಡಿಯೊ, ಫೋನು ಎಲ್ಲ ಬಂದ್ ಮಾಡಿ ಕಿವಿಗೊಟ್ಟರೆ ಸುಯ್ ಅನ್ನುವ ಸದ್ದು ಎಲ್ಲಿಂದ ಅಂತ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಆಮೇಲೆ ಇಂಜಿನ್ ಆರಿಸಿಟ್ಟು, ಕೀ ಮಾತ್ರ ಆನ್ ಮಾಡಿ, ಪೆಡಲ್ ಮತ್ತೆ ಮತ್ತೆ ಒತ್ತಿ ಗಾಳಿ ಇಳಿಸುತ್ತೇನೆ. ನನ್ನ ಗಾಡಿಯಲ್ಲಿ 60 ಪಿಎಸ್‌ಐ ಸುತ್ತಮುತ್ತ ಬಝರ್ ಕೂಗುತ್ತದೆ. ಕೂಗದಿದ್ದರೆ ಗಾಡಿ ಗೇಟು ದಾಟಬಾರದು. ಏರ್ ಟ್ಯಾಂಕಿನ ಡ್ರೈನ್ ಎಳೆದಾಗ ಬರೀ ಗಾಳಿ ಬಂದರೆ ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್ ಸರಿಯಿದೆ. ನೀರು ಬರತೊಡಗಿದರೆ ಡ್ರೈಯರ್ ನೋಡಿಸಬೇಕು, ಎಣ್ಣೆ ಬೆರೆತು ಬಂದರೆ ಗಾಳಿ ತುಂಬುವ ಕಂಪ್ರೆಸರ್.

ಗಾಡಿ ಕೆಡುವುದು ನಿಂತಾಗ ನೋಡದೆ ಇರುವುದರಿಂದ ಅರ್ಧ, ಓಡಿಸುವ ರೀತಿಯಿಂದ ಅರ್ಧ. ಕ್ಲಚ್ ಮೇಲೆ ಪಾದ ಇಟ್ಟುಕೊಂಡೇ ಓಡಿಸುವ ಚಾಳಿ ನನಗಿತ್ತು. ಅದನ್ನು ಬಿಡಲು ಎರಡು ತಿಂಗಳು ಹಿಡಿಯಿತು. ಏರಿನಲ್ಲಿ ಗಾಡಿಯನ್ನು ಹಾಫ್ ಕ್ಲಚ್‌ನಲ್ಲಿ ನಿಲ್ಲಿಸಬಾರದು, ಹ್ಯಾಂಡ್ ಬ್ರೇಕ್ ಇರುವುದೇ ಅದಕ್ಕೆ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು ಹೊಗೆಯ ದಾರಿ ತಡೆದು ಇಂಜಿನ್‌ನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿಕೊಳ್ಳುತ್ತೇನೆ. ಬ್ರೇಕನ್ನು ಸುಮ್ಮನೆ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಹಿಗ್ಗಿ, ಲೈನರ್ ಹಿಡಿತ ಕಳೆದುಕೊಂಡು, ಕೊನೆಗೆ ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಗಟ್ಟಿಯಾಗಿ ಒಮ್ಮೆ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟು, ವೇಗ ಏರಿದಾಗ ಮತ್ತೆ ಒತ್ತುವುದು ಸರಿ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡಿ ಇಳಿಸುವವರಿಗೆ ನಾನು ಕೈಮುಗಿದು ಹೇಳುತ್ತೇನೆ, ದಯವಿಟ್ಟು ಬೇಡ. ಈಗಿನ ಇಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಇಂಜಿನ್ ಆರದಿರಲು ಡೀಸೆಲ್ ಬೇಕೇ ಬೇಕು. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ದೊಡ್ಡ ಏರು ಹತ್ತಿ ಬಂದು ನಿಲ್ಲಿಸಿದ ತಕ್ಷಣ ಕೀ ತಿರುಗಿಸಬಾರದು ಎಂಬುದಕ್ಕೂ ಕಾರಣ ತಿಳಿದ ಮೇಲೆಯೇ ನನಗೆ ಅದು ಒಗ್ಗಿದ್ದು. ಹೊಗೆಯ ಬಲದಿಂದ ತಿರುಗಿ ಇಂಜಿನ್‌ಗೆ ಗಾಳಿ ತಳ್ಳುವ ಟರ್ಬೊ ಆ ಹೊತ್ತಿಗೆ ಅದೇ ಹೊಗೆಯ ಶಾಖದಲ್ಲಿ ಕಾದು ಕೆಂಡವಾಗಿರುತ್ತದೆ. ಅದರ ಶಾಫ್ಟ್ ತೇಲುವುದು ಇಂಜಿನ್ ಆಯಿಲ್ ಪದರದ ಮೇಲೆ. ಇಂಜಿನ್ ಆರಿದರೆ ಆಯಿಲ್ ಹರಿವು ನಿಲ್ಲುತ್ತದೆ, ಒಳಗೆ ಉಳಿದ ಎಣ್ಣೆ ಸುಟ್ಟು ಕರಿಕಟ್ಟುತ್ತದೆ. ಎರಡು ಮೂರು ನಿಮಿಷ ಐಡ್ಲಿಂಗ್ ಬಿಟ್ಟು ಆಮೇಲೆ ಆರಿಸುತ್ತೇನೆ. ಆ ಹೊತ್ತಿನಲ್ಲಿ ಲಾಗ್ ಪುಸ್ತಕ ಬರೆದು ಮುಗಿಯುತ್ತದೆ.

ಇಂಜಿನ್ ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ದ್ರವಕ್ಕೆ ಬೇರೆ ಟ್ಯಾಂಕ್ ಇದೆ. ಆ ಯೂರಿಯಾ ಟ್ಯಾಂಕಿಗೆ ಡೀಸೆಲ್, ಡೀಸೆಲ್ ಟ್ಯಾಂಕಿಗೆ ಯೂರಿಯಾ ದ್ರವ ಯಾವತ್ತೂ ಹೋಗಬಾರದು. ಹೋಯಿತೆಂದು ಗೊತ್ತಾದರೆ ಇಂಜಿನ್ ಸ್ಟಾರ್ಟ್ ಮಾಡದೆ ಫೋನ್ ಮಾಡಬೇಕು. ಕ್ಯಾಬಿನ್ ಗುಡಿಸಿಡುವುದು ಅಂದಕ್ಕಷ್ಟೇ ಅಲ್ಲ. ಉರುಳಿದ ನೀರಿನ ಬಾಟಲಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕರೆ ಪೆಡಲ್ ಕೆಳಗಿಳಿಯುವುದಿಲ್ಲ.

ಇಷ್ಟೆಲ್ಲ ನೋಡಿದರೂ ಕಂಪನಿ ಗಾಡಿಗೆ ಒಂದು ತೊಂದರೆ ಇದ್ದೇ ಇದೆ. ಹಗಲು ನಾನು, ರಾತ್ರಿ ಇನ್ನೊಬ್ಬರು, ನಡುವೆ ಗ್ಯಾರೇಜು. ಕಂಡದ್ದನ್ನು ನಾನು ಮನಸ್ಸಿನಲ್ಲೇ ಇಟ್ಟುಕೊಂಡರೆ ಗಾಡಿಗೆ ಅದರಿಂದ ಏನೂ ಸಿಗುವುದಿಲ್ಲ. ಆರನೇ ತಿಂಗಳಲ್ಲಿ ಕೂಲೆಂಟ್ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಿತ್ತು. ನೆಲದಲ್ಲಿ ಗುರುತಿಲ್ಲ, ಟೆಂಪರೇಚರ್ ಮುಳ್ಳು ಸರಿಯಾಗಿದೆ. ಎಲ್ಲರೂ ತಂತಮ್ಮ ಪಾಳಿಯಲ್ಲಿ ಒಂದಿಷ್ಟು ತುಂಬಿಸಿ ಹೋಗುತ್ತಿದ್ದರು, ಯಾರೂ ಬರೆಯುತ್ತಿರಲಿಲ್ಲ. ನಾನು ಬರೆಯತೊಡಗಿದೆ: ಸೋಮವಾರ ಅರ್ಧ ಲೀಟರ್, ಗುರುವಾರ ಅರ್ಧ ಲೀಟರ್, ಭಾನುವಾರ ಮುಕ್ಕಾಲು. ತುಂಬಿಸುವುದು ಬೆಳಿಗ್ಗೆ ತಣ್ಣಗಿರುವಾಗ ಮಾತ್ರ. ಬಿಸಿ ರೇಡಿಯೇಟರಿನ ಕ್ಯಾಪ್ ತೆಗೆದು ಮುಖ ಕೈ ಸುಟ್ಟುಕೊಂಡವರಿದ್ದಾರೆ. ಮೂರನೇ ಸಾಲು ಬರೆದ ದಿನ ಪುಸ್ತಕವನ್ನು ಮೇಸ್ತ್ರಿಯ ಮುಂದೆ ಇಟ್ಟೆ. ಅವರು ಬೆಲ್ಟಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ವಾಟರ್ ಪಂಪಿನ ಕೆಳಗಿನ ಸಣ್ಣ ತೂತು ತೋರಿಸಿದರು. ಸುತ್ತ ಬಣ್ಣದ ಉಪ್ಪು ಕಟ್ಟಿದಂತೆ ಒಣಗಿದ ಗುರುತು. ಒಳಗಿನ ಸೀಲ್ ಸೋರಲು ಶುರುವಾದರೆ ಮೊದಲು ತಿಳಿಸುವುದೇ ಆ ತೂತು. ಬಿಸಿ ಇಂಜಿನ್ ಮೇಲೆ ಆವಿಯಾಗುತ್ತಿದ್ದ ಕಾರಣ ಒಂದು ಹನಿಯೂ ನೆಲಕ್ಕೆ ಬಿದ್ದಿರಲಿಲ್ಲ. ಅರ್ಧ ದಿನದಲ್ಲಿ ಪಂಪ್ ಬದಲಾಯಿತು. ದಾರಿ ಮಧ್ಯೆ ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಗಾಡಿ ಎಷ್ಟು ದಿನ ನಿಲ್ಲುತ್ತಿತ್ತೋ.

ಬರೆಯುವುದಕ್ಕೂ ಒಂದು ಕ್ರಮ ಇದೆ. 'ಬ್ರೇಕ್ ಸರಿ ಇಲ್ಲ' ಅಂತ ಬರೆದರೆ ಮೆಕ್ಯಾನಿಕ್ ಒಮ್ಮೆ ಓಡಿಸಿ ನೋಡಿ 'ಸರಿ ಇದೆ' ಅಂತ ಬರೆದು ಕಳಿಸುತ್ತಾರೆ, ಅವರ ತಪ್ಪೂ ಅಲ್ಲ. 'ಲೋಡ್ ಇದ್ದಾಗ, 40ರ ವೇಗದಲ್ಲಿ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ, ಖಾಲಿ ಇದ್ದಾಗ ಇಲ್ಲ' ಅಂತ ಬರೆದರೆ ಅವರಿಗೆ ಎಲ್ಲಿ ಕೈ ಹಾಕಬೇಕೆಂದು ತಿಳಿಯುತ್ತದೆ. ಯಾವಾಗ, ಯಾವ ವೇಗ, ಬಿಸಿಯೋ ತಣ್ಣಗೋ, ಲೋಡೋ ಖಾಲಿಯೋ, ಇವಿಷ್ಟು ಸಾಕು. ಕೆರೆದದ್ದು, ತಾಗಿಸಿದ್ದು ನನ್ನಿಂದಲೇ ಆಗಿದ್ದರೂ ಅವತ್ತೇ ಬರೆಯುತ್ತೇನೆ. ಒಮ್ಮೆ ರಿವರ್ಸ್ ತೆಗೆಯುವಾಗ ಹಿಂದಿನ ದೀಪ ಒಡೆದೆ. ಬೈಗುಳ ಬಂತು, ಸಂಜೆಗೆ ಹೊಸ ದೀಪವೂ ಬಂತು.

ವರ್ಷದ ಕೊನೆಗೆ ಹತ್ತು ದಿನ ರಜೆ ಹೋಗುವಾಗ ಗಾಡಿ ಒಬ್ಬ ಹೊಸ ಹುಡುಗನಿಗೆ ಹೋಯಿತು. ಸ್ಟೇರಿಂಗ್ ಮೇಲೆ ಒಂದು ಚೀಟಿ ಅಂಟಿಸಿದೆ: ಹಿಂದಿನ ಎಡಗಡೆ ಒಳಟೈರಿನ ವಾಲ್ವ್ ಹೊಸದು, ಎರಡು ದಿನ ಗೇಜ್ ಹಿಡಿದು ನೋಡು. ಮೂರನೇ ಗೇರು ತಣ್ಣಗಿದ್ದಾಗ ಬಿಗಿ, ಒತ್ತಾಯ ಮಾಡಬೇಡ. ಆಯಿಲ್ ಬದಲಿಗೆ ಇನ್ನು 1,400 ಕಿಲೋಮೀಟರ್ ಇದೆ. ಎಡಗನ್ನಡಿಯ ಬ್ರಾಕೆಟ್ ಅಲುಗುತ್ತದೆ, ಪುಸ್ತಕದಲ್ಲಿ ಬರೆದಿದ್ದೇನೆ. ಸಹಿ ಹಾಕುವ ಮೊದಲು ಎಲ್ಲ ನೀನೇ ನೋಡಿಕೋ.

ರಜೆ ಮುಗಿಸಿ ಬಂದಾಗ ಚೀಟಿ ಅಲ್ಲೇ ಇತ್ತು. ಕೆಳಗೆ ಅವನ ಅಕ್ಷರದಲ್ಲಿ ಎರಡು ಸಾಲು ಸೇರಿತ್ತು: ವಾಲ್ವ್ ಸರಿ ಇದೆ ಅಣ್ಣಾ, ಹತ್ತೂ ದಿನ ನೋಡಿದೆ. ಬಲಗಡೆ ಮುಂದಿನ ಇಂಡಿಕೇಟರ್ ಬಲ್ಬ್ ಹೋಗಿತ್ತು, ಹಾಕಿಸಿದ್ದೇನೆ.