ವಾಪಸ್ ಬಂದ ಸಿಪಾಯಿಗೊಂದು ಪುಸ್ತಕ

ಸಕಲೇಶಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬಿಲ್ ಬುಕ್ಕು, ತಿಥಿ ಕಾರ್ಡು, ಶ್ರದ್ಧಾಂಜಲಿ ಫ್ಲೆಕ್ಸು, ಎಲ್ಲವನ್ನೂ ಮಾಡಿಕೊಡುತ್ತೇನೆ. ಮಿಲಿಟರಿಯಲ್ಲಿದ್ದವರು ತೀರಿಕೊಂಡರೆ ಮನೆಯವರು ಕೇಳುವುದು ಹೆಚ್ಚುಕಮ್ಮಿ ಒಂದೇ: ಹಿಂದೆ ಬಾವುಟ, ಒಂದು ಕಡೆ ಟ್ಯಾಂಕು, ಇನ್ನೊಂದು ಕಡೆ ವಿಮಾನ, ನಡುವೆ ಫೋಟೊ. ನಮ್ಮ ದೊಡ್ಡಪ್ಪ ಹೋದಾಗಲೂ ಅಂಥ ಫ್ಲೆಕ್ಸ್ ಕಟ್ಟಿದ್ದಾಯಿತು. ವರ್ಷದ ಕಾರ್ಯಕ್ಕೆ ಮಾತ್ರ ಒಂದು ಪುಸ್ತಕ ಮಾಡಿ ಹಂಚೋಣ ಅಂತ ಮನೆಯಲ್ಲಿ ಮಾತಾಯಿತು. ಅದನ್ನು ನೋಡಿದವರು 'ನಮ್ಮ ತಂದೆಯವರಿಗೂ ಹೀಗೇ ಮಾಡಿಕೊಡಿ' ಅಂತ ಬರುತ್ತಿದ್ದಾರೆ. ಅದಕ್ಕೇ ಹೇಗೆ ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡಪ್ಪ 1968ರಲ್ಲಿ ಸೇನೆ ಸೇರಿದವರು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್. 1780ರಿಂದ ಇರುವ ಪಡೆ ಅದು. ಸೇತುವೆ ಕಟ್ಟುವುದು, ದಾರಿ ಮಾಡುವುದು, ಮೈನ್ ತೆಗೆಯುವುದು ಅವರ ಕೆಲಸ. ಅಲ್ಲಿನ ಸಿಪಾಯಿಗಳನ್ನು ಸೇನೆಯಲ್ಲಿ 'ತಂಬಿ' ಅಂತಲೇ ಕರೆಯುತ್ತಾರೆ. 24 ವರ್ಷ ದುಡಿದು, 1992ರಲ್ಲಿ ಹವಾಲ್ದಾರ್ ಆಗಿ ಊರಿಗೆ ಬಂದರು. ಆಮೇಲೆ 32 ವರ್ಷ ಇಲ್ಲೇ ಇದ್ದರು. ಲೆಕ್ಕ ಹಾಕಿ ನೋಡಿ, ಸೇನೆಗಿಂತ ಊರಿನಲ್ಲೇ ಜಾಸ್ತಿ ವರ್ಷ. ಆದರೂ ಊರಿಗೆಲ್ಲ ಅವರು ಕೊನೆಯವರೆಗೂ 'ಮಿಲ್ಟ್ರಿ'.

ಮೊದಲು ಕಾಗದಪತ್ರ. ಡಿಸ್ಚಾರ್ಜ್ ಬುಕ್ಕು ಸಿಕ್ಕಿದರೆ ಸೇರಿದ ತಾರೀಕು, ಬಿಟ್ಟ ತಾರೀಕು, ರ‍್ಯಾಂಕು, ಪದಕ ಎಲ್ಲ ಒಂದೇ ಕಡೆ ಸಿಗುತ್ತೆ. ಮನೆಯವರ ನೆನಪಿನ ಮೇಲೆ ಇಸವಿ ಹಾಕಬೇಡಿ. ನಮ್ಮಲ್ಲಿ ಒಬ್ಬರು ಕಾರ್ಗಿಲ್‌ನಲ್ಲೂ ಇದ್ದರು ಅಂದರು. ಕಾರ್ಗಿಲ್ ಆಗಿದ್ದು 1999ರಲ್ಲಿ, ಅಷ್ಟೊತ್ತಿಗೆ ದೊಡ್ಡಪ್ಪ ಮೆಣಸಿನ ಬಳ್ಳಿ ಕಟ್ಟಿಕೊಂಡು ತೋಟದಲ್ಲಿದ್ದರು. ಇನ್ನೊಂದು ಮಾತು, ಡಿಸ್ಚಾರ್ಜ್ ಬುಕ್ಕನ್ನಾಗಲಿ ಪಿಂಚಣಿಯ ಪಿಪಿಒ ಕಾಗದವನ್ನಾಗಲಿ ಯಾರಿಗೂ ಕೈಗೆ ಕೊಟ್ಟು ಕಳಿಸಬೇಡಿ, ನನ್ನಂಥ ಅಂಗಡಿಯವನಿಗೂ. ದೊಡ್ಡಮ್ಮನಂಥವರ ಫ್ಯಾಮಿಲಿ ಪಿಂಚಣಿಗೆ ಅವೇ ಆಧಾರ. ಎದುರಿಗೆ ಕೂತು ಸ್ಕ್ಯಾನ್ ಮಾಡಿಸಿ, ವಾಪಸ್ ತಗೊಂಡು ಹೋಗಿ.

ಪದಕಗಳು ಒಂದು ಬಿಸ್ಕತ್ ಡಬ್ಬಿಯಲ್ಲಿದ್ದವು. ನಾನು ಹೋಗುವಷ್ಟರಲ್ಲಿ ದೊಡ್ಡಮ್ಮ ಹುಣಸೆಹಣ್ಣು ನೆನೆಹಾಕಿ ಕೂತಿದ್ದರು, ತಿಕ್ಕಿ ಫಳಫಳ ಮಾಡಿ ಕೊಡೋಣ ಅಂತ. ಬೇಡ ಅಂತ ತಡೆದೆ. ಕಾರಣ ಇದೆ. ನಮ್ಮ ಸೇನೆಯ ಪದಕಗಳ ಅಂಚಿನಲ್ಲಿ ಸಿಪಾಯಿಯ ನಂಬರು, ರ‍್ಯಾಂಕು, ಹೆಸರು ಸಣ್ಣದಾಗಿ ಕೊರೆದಿರುತ್ತೆ. ತಿಕ್ಕಿ ತಿಕ್ಕಿ ಹೊಳಪು ಬರುತ್ತೆ, ಅಕ್ಷರ ಸವೆಯುತ್ತೆ. ಸುಮ್ನೆ ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಕಿಟಕಿ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವ ಹಾಗೆ ತಿರುಗಿಸಿ ಫೋಟೊ ತೆಗೆದೆ. ಫ್ಲ್ಯಾಶ್ ಹಾಕಿದರೆ ಅಂಚೆಲ್ಲ ಬೆಳ್ಳಗಾಗಿ ಏನೂ ಕಾಣಲ್ಲ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಮೊಬೈಲಲ್ಲಿ ಆ ಫೋಟೊ ಹಿಗ್ಗಿಸಿ ನೋಡಿದರು. 'ಇಷ್ಟು ವರ್ಷ ಡಬ್ಬಿ ಒರೆಸಿದೀನಿ, ಇದರಲ್ಲಿ ಅವರ ಹೆಸರಿದೆ ಅಂತ ಗೊತ್ತೇ ಇರಲಿಲ್ಲ ಕಣೋ' ಅಂದರು.

ಯುದ್ಧದ ಬಗ್ಗೆ ಪದಕಗಳೇ ಹೇಳಿದವು. ಪೂರ್ವಿ ಸ್ಟಾರ್ ಇತ್ತು, ಅಂದರೆ 1971ರಲ್ಲಿ ಪೂರ್ವದ ಕಡೆ, ಬಾಂಗ್ಲಾ ದಿಕ್ಕಿನಲ್ಲಿದ್ದರು. ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಜೊತೆಗೆ ಸಂಗ್ರಾಮ್ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, 9 ವರ್ಷ ಮತ್ತು 20 ವರ್ಷ ಸೇವೆಯ ಮೆಡಲ್‌ಗಳು. ಫೋಟೊದಲ್ಲಿ ಜೋಡಿಸುವಾಗ ಸುಂದರವಾಗಿ ಕಾಣಲಿ ಅಂತ ನಿಮ್ಮಿಷ್ಟಕ್ಕೆ ಇಡಬೇಡಿ. ಅವಕ್ಕೊಂದು ಕ್ರಮ ಇದೆ, ಪೂರ್ವಿ ಸ್ಟಾರ್ ಆದಮೇಲೇ ಸಂಗ್ರಾಮ್ ಬರಬೇಕು. ಪಿಂಚಣಿದಾರ ಸೈನಿಕರು ಇದನ್ನು ಮೊದಲು ನೋಡುತ್ತಾರೆ, ಆಮೇಲೇ ಪುಟ ತಿರುಗಿಸೋದು.

ಡಿಸೆಂಬರ್ 1971ರ ಒಂದು ಕಾಗದ ಅಜ್ಜನ ಟ್ರಂಕಿನಲ್ಲಿ ಸಿಕ್ಕಿತು. ವಿಳಾಸದಲ್ಲಿ 99 ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿಯ ನಂಬರು, ಅಂತಷ್ಟೇ ಇದೆ, ಎಲ್ಲಿದ್ದೇನೆ ಅಂತ ಬರೆಯುವಂತಿರಲಿಲ್ಲ. ಅವರಿಗಾಗ 21 ವರ್ಷ. ಆ ಕಡೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನದ ಸೇನೆ ಸೇತುವೆಗಳನ್ನು ಉಡಾಯಿಸುತ್ತಿತ್ತು, ತಂಬಿಗಳು ನಮ್ಮ ಸೇನೆಯನ್ನು ನದಿ ದಾಟಿಸಬೇಕಿತ್ತು. ಕಾಗದದಲ್ಲಿ ಆ ಸುದ್ದಿಯೇ ಇಲ್ಲ. 'ಗದ್ದೆ ಕೊಯ್ಲು ಮುಗಿಯಿತೇ? ಹಂಡ ಎತ್ತಿನ ಕಾಲು ವಾಸಿಯಾಯಿತೇ? ತಂಗಿಯನ್ನು ಶಾಲೆ ಬಿಡಿಸಬೇಡಿ, ದುಡ್ಡು ಕಳಿಸುತ್ತೇನೆ.' ಆ ತಂಗಿ ನನ್ನ ಅತ್ತೆ, ಟೀಚರಾಗಿ ರಿಟೈರ್ ಆದವರು. ಆ ಕಾಗದಕ್ಕೆ ಪೂರ್ತಿ ಒಂದು ಪುಟ ಕೊಟ್ಟೆ, ಟೈಪ್ ಮಾಡದೆ ಅವರ ಕೈಬರಹದಲ್ಲೇ.

ಕಷ್ಟದ ಕೆಲಸ ಅಂದರೆ ಜನರಿಂದ ಬರೆಸುವುದು. 'ಮಿಲ್ಟ್ರಿ ಬಗ್ಗೆ ನಾಲ್ಕು ಮಾತು ಹೇಳಿ' ಅಂದರೆ ಎಲ್ಲರೂ ಹೇಳುವುದು ಒಂದೇ: ತುಂಬಾ ಒಳ್ಳೆಯವರು, ಶಿಸ್ತಿನ ಸಿಪಾಯಿ, ಅಜಾತಶತ್ರು. ಇಂಥ ಮಾತಿನಿಂದ 32 ಪುಟ ತುಂಬಿಸಿದರೆ ಯಾರು ಓದುತ್ತಾರೆ? ಅದಕ್ಕೇ ಪ್ರಶ್ನೆ ಬದಲಾಯಿಸಿದೆ: 'ನಿಮಗೆ ಅವರು ಯಾವಾಗ ಬೈದಿದ್ದರು?' ಆಮೇಲೆ ನೋಡಿ, ನಾನೇ ನಿಲ್ಲಿಸಬೇಕಾಯಿತು.

ಯಾರನ್ನು ಕೇಳಬೇಕು ಅನ್ನುವುದಕ್ಕೆ ಅವರದೇ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಊರಿನ ಹುಡುಗರನ್ನು ಬೆಳಗ್ಗೆ ಹೈಸ್ಕೂಲ್ ಮೈದಾನಕ್ಕೆ ಕರೆದು ಸೇನೆಯ ಭರ್ತಿಗೆ ತಯಾರು ಮಾಡುತ್ತಿದ್ದರು: 1.6 ಕಿಲೋಮೀಟರ್ ಓಟ, ಬೀಮ್ ಹಿಡಿದು ಮೈ ಮೇಲೆತ್ತುವುದು, 9 ಅಡಿ ಹಳ್ಳ ಹಾರುವುದು. ಕಾಸು ತಗೊಂಡವರಲ್ಲ. ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬ ಹುಡುಗನ ಹೆಸರಿನ ಮುಂದೆ ಓಟದ ಸಮಯ: 6.10, 5.52, 5.41. ಕೆಲವರ ಮುಂದೆ 'ತಾಯಿಗೆ ಹುಷಾರಿಲ್ಲ, ಬಿಡಬೇಕು' ಅಂತ. ಕೊನೆ ಕಾಲಂನಲ್ಲಿ ರಕ್ತದ ಗುಂಪು. ಓ ನೆಗೆಟಿವ್ ಇದ್ದರೆ ಕೆಂಪು ಇಂಕು. ಹಾಸನದ ಆಸ್ಪತ್ರೆಯಿಂದ ಊರಿನವರ ಫೋನು ಬಂದರೆ ಇದನ್ನೇ ತೆಗೆದು, ರಕ್ತ ಕೊಟ್ಟು 3 ತಿಂಗಳಾಗದವರನ್ನು ಬಿಟ್ಟು, ಉಳಿದವರನ್ನು ಎಬ್ಬಿಸುತ್ತಿದ್ದರಂತೆ. ಈ ನೋಟ್‌ಬುಕ್ಕಿನ ಒಂದು ಪುಟವನ್ನು ಅಚ್ಚು ಹಾಕಿದ್ದೇನೆ, ಹೆಸರು ಮತ್ತು ಫೋನ್ ನಂಬರ್ ಮುಚ್ಚಿ. ಬದುಕಿರುವವರ ವಿಷಯ ಅದು, ಕೇಳದೆ ಹಾಕಬಾರದು.

ಎಲ್ಲರೂ ಸೇನೆಗೆ ಹೋಗಲಿಲ್ಲ. ಒಬ್ಬ ಈಗ ಬಸ್ ಡ್ರೈವರ್, ಇಬ್ಬರು ಪೊಲೀಸ್, ಬಹಳಷ್ಟು ಜನ ತೋಟದಲ್ಲೇ ಇದ್ದಾರೆ. ಡ್ರೈವರ್ ಹೇಳಿದ್ದು: ಒಂದು ದಿನ ಎಲ್ಲರಿಗಿಂತ ಮೊದಲೇ ಮೈದಾನಕ್ಕೆ ಬಂದು ನಿಂತಿದ್ದನಂತೆ. ದೊಡ್ಡಪ್ಪ, 'ಹಸು ಯಾರು ಕರೆದರು ಇವತ್ತು?' ಅಂತ ಕೇಳಿದರು. 'ಅವ್ವ' ಅಂದ. 'ಜ್ವರ ಇತ್ತಲ್ಲೋ ನಿಮ್ಮವ್ವಂಗೆ? ಹೋಗು, ಕರೆದು ಡೇರಿಗೆ ಹಾಕಿ ಬಾ. ಓಟ ಎಲ್ಲಿಗೂ ಓಡಿಹೋಗಲ್ಲ.' ಮನೆ ಕೆಲಸ ಬಿಟ್ಟು ಬಂದವನಿಗೆ ಮೈದಾನದಲ್ಲಿ ಜಾಗ ಇರಲಿಲ್ಲ.

2018ರ ಆಗಸ್ಟ್ ಮಳೆ ನೆನಪಿದೆಯಲ್ವಾ? ಶಿರಾಡಿ ಘಾಟಿ ಬಂದ್, ಸುಬ್ರಹ್ಮಣ್ಯದ ಕಡೆಗೆ ರೈಲು ಬಂದ್. ನಮ್ಮ ಹಳ್ಳದ ಕಾಲುಸಂಕ ಕೊಚ್ಚಿಹೋಗಿ ಆಚೆ ದಡದ ಮನೆಗಳು ಬೇರೆಯಾದವು. ಈ ಕಥೆಯನ್ನು ಮೂರ್ನಾಲ್ಕು ಹುಡುಗರಿಂದ ಬೇರೆ ಬೇರೆಯಾಗಿ ಕೇಳಿ ಜೋಡಿಸಿದೆ. ನೀರು ಇಳಿದ ಮೇಲೆ ದೊಡ್ಡಪ್ಪ ಬಿದ್ದಿದ್ದ ಸಿಲ್ವರ್ ಮರಗಳನ್ನು ಕೊಯ್ಸಿ ಮೂರು ದಿಮ್ಮಿ ಅಡ್ಡ ಹಾಕಿಸಿದರು. ನೈಲಾನ್ ಹಗ್ಗ ಒದ್ದೆಯಾದರೆ ಜಾರುತ್ತೆ ಅಂತ ತೆಂಗಿನ ನಾರಿನ ಹಗ್ಗ ತರಿಸಿದರು. ಕೊಡೆ ಹಿಡಿದು ದಡದಲ್ಲಿ ಕೂತು ಒಂದೊಂದು ಕಟ್ಟನ್ನೂ ಕಾಲಿನಿಂದ ಒದ್ದು ನೋಡಿದರಂತೆ. ಸಡಿಲ ಇದ್ದದ್ದನ್ನೆಲ್ಲ ಬಿಚ್ಚಿಸಿದರು. ಒಬ್ಬ ಹುಡುಗ ಗೊಣಗಿದ, 'ಗಂಟು ಚೆನ್ನಾಗೇ ಇದೆಯಲ್ಲ ಮಿಲ್ಟ್ರಿ ಮಾವ.' ಅದಕ್ಕೆ ಇವರು, 'ನೋಡಕ್ಕೆ ಚೆನ್ನಾಗಿದೆ. ಅದರ ಮೇಲೆ ನಿಮ್ಮಜ್ಜಿನ ನಡೆಸ್ತೀಯಾ?' ಅವನು ಸುಮ್ಮನೆ ಬಿಚ್ಚಿ ಮತ್ತೆ ಕಟ್ಟಿದ. ಮೊದಲು ದಾಟಬೇಕಾದವನೂ ಅವನೇ. ಪುಸ್ತಕದಲ್ಲಿ ಯುದ್ಧಕ್ಕೆ ಎರಡು ಪುಟ ಇದ್ದರೆ ಈ ಸಂಕಕ್ಕೆ ನಾಲ್ಕು ಪುಟ. ಒಬ್ಬ ಭಾವನಿಗೆ ಇದು ಹಿಡಿಸಲಿಲ್ಲ, ನನಗೆ ಮಾತ್ರ ಇದೇ ಸರಿ ಅನ್ನಿಸಿದೆ.

ಮುಖಪುಟಕ್ಕೆ ಅದೇ ಭಾವ ಬಾವುಟದ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಹಾಕು ಅಂದರು. ಧ್ವಜ ಸಂಹಿತೆಯ ಪ್ರಕಾರ ಬಾವುಟದ ಮೇಲೆ ಏನನ್ನೂ ಬರೆಯುವಂತಿಲ್ಲ, ಇದು ಫ್ಲೆಕ್ಸ್ ಅಂಗಡಿಗಳಿಗೇ ಗೊತ್ತಿಲ್ಲ. ಹಾಗಾದರೆ ವೀರಗಲ್ಲಿನ ಚಿತ್ರ ಹಾಕೋಣ ಅಂತ ಇನ್ನೊಬ್ಬರ ಸಲಹೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ, ಯಾವ ಗುಡಿ ಹಿಂದೆ ಹೋದರೂ ಒಂದು ನಿಂತಿರುತ್ತೆ. ಹೋಗಿ ಫೋಟೊ ತೆಗೆದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಚೆಂದವಾಗಿದೆ. ಆದರೆ ಅದು ಹೋರಾಡಿ ಸತ್ತವನ ಕಲ್ಲು. ಯುದ್ಧ ಮುಗಿಸಿ ವಾಪಸ್ ಬಂದು, ತಂಗಿಯರ ಮದುವೆ ಮಾಡಿ, ಮಕ್ಕಳನ್ನು ಓದಿಸಿ, ಊರ ಹುಡುಗರನ್ನು ಓಡಿಸಿ, ಮನೆಯ ಮಂಚದ ಮೇಲೆ ತೀರಿಕೊಂಡವನಿಗೆ ಅದರಲ್ಲಿ ಪಟ್ಟಿ ಇಲ್ಲ. ಕೊನೆಗೆ ಮುಖಪುಟಕ್ಕೆ ಬಂದಿದ್ದು ಮೈದಾನದ ಫೋಟೊ: ಕೈಯಲ್ಲಿ ಸ್ಟಾಪ್‌ವಾಚು, ತಲೆಗೆ ಮಂಕಿ ಕ್ಯಾಪು, ಬಾಯಿ ತೆರೆದು ಯಾರಿಗೋ ಕೂಗುತ್ತಿದ್ದಾರೆ.

ಅಚ್ಚಿನ ವಿಷಯ ಬೇಗ ಹೇಳಿಬಿಡುತ್ತೇನೆ. ಹಳೇ ಫೋಟೊ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಗಾಜಿಗೆ ಅಂಟಿದ ಫೋಟೊವನ್ನು ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಒಬ್ಬರು 'ನುಡಿ' ಸಾಫ್ಟ್‌ವೇರಿನಲ್ಲಿ, ಇನ್ನೊಬ್ಬರು ಮೊಬೈಲಲ್ಲಿ ಟೈಪ್ ಮಾಡಿ ಕಳಿಸುತ್ತಾರೆ, ಎಲ್ಲವನ್ನೂ ಮೊದಲೇ ಯೂನಿಕೋಡ್‌ಗೆ ತನ್ನಿ. ಒಳಪುಟಕ್ಕೆ ಹೊಳಪಿಲ್ಲದ ಮ್ಯಾಪ್‌ಲಿಥೋ ಕಾಗದ ಸಾಕು, ಫೋಟೊ ಪುಟಕ್ಕೆ ಮಾತ್ರ ಆರ್ಟ್ ಪೇಪರ್. ವಯಸ್ಸಾದವರು ಓದುವ ಪುಸ್ತಕ, ಅಕ್ಷರ ದೊಡ್ಡದಿರಲಿ.

ಕಾರ್ಯದ ದಿನ ಊಟದ ಪಂಕ್ತಿಯಲ್ಲೇ ಹಂಚಿದೆವು, ಪ್ರತಿ ಸಾಲಲಿಲ್ಲ. ಸಂಜೆ ದೊಡ್ಡಮ್ಮ ಪೂರ್ತಿ ಓದಿಸಿಕೊಂಡು ಕೇಳಿದರು. 'ಎಲ್ಲ ಸರಿ. ದಿನಾ ಬೆಳಗ್ಗೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದದ್ದು ಅವರು. ನಾನು ಒಲೆ ಮುಂದೆ ಕೂತು ಬೇಯಿಸ್ತಿದ್ದೆ ಅಷ್ಟೆ. ಅದನ್ನ ಯಾರೂ ಹೇಳಿಲ್ವಲ್ಲ?' ಯಾರೂ ಹೇಳಿರಲಿಲ್ಲ, ಅಡುಗೆಮನೆಯೊಳಗೆ ಬಂದು ನೋಡಿದವರು ಯಾರಿದ್ದಾರೆ. ಎರಡನೇ ಸಲದ ಪ್ರಿಂಟಿಗೆ ಸೇರಿಸುತ್ತಿದ್ದೇನೆ. ಪಿನ್ ಹೊಡೆಯುವ ಪುಸ್ತಕಕ್ಕೆ ಪುಟ 4ರ ಲೆಕ್ಕದಲ್ಲೇ ಹೆಚ್ಚಬೇಕು, ಹಾಗಾಗಿ 36 ಆಗುತ್ತೆ. ರೊಟ್ಟಿಗೆ ಒಂದು ಪುಟ ಸಾಕು ಅಂದುಕೊಂಡಿದ್ದೆ, ದೊಡ್ಡಮ್ಮ ಆಗಲೇ ಮೂರು ಪುಟದಷ್ಟು ಹೇಳಿದ್ದಾರೆ.